ನಿಲ್ಲದ ಹುಳ: ಒಂದು ಮೊಬೈಲ್ ಆಟದ ಪ್ರಕರಣ ಅಧ್ಯಯನ

"ಇದಕ್ಕೆ ಹಾಲುತೊಂಡೆ ಬಂದೈತೆ. ಎತ್ತಿ ಆಚೆಗೆ ಹಾಕು."

ನಾಲ್ಕು ತಿಂಗಳು ಕೂತು ಮಾಡಿದ ಆಟವನ್ನು ಮೊದಲ ಸಲ ನೋಡಿ ನಮ್ಮಮ್ಮ ಹೇಳಿದ್ದು ಇಷ್ಟೇ. ಶಿಡ್ಲಘಟ್ಟದ ಪಕ್ಕದ ಹಳ್ಳಿ ನಮ್ಮದು. ನಾನು ಹುಟ್ಟುವುದಕ್ಕೂ ಮುಂಚಿನಿಂದ ಅಮ್ಮ ರೇಷ್ಮೆ ಹುಳ ಸಾಕುತ್ತಿದ್ದಾಳೆ. ಫೋನಿನ ಪರದೆ ಮೇಲೆ ನಮ್ಮ ಹುಳ ಮೈ ಬಳುಕಿಸುತ್ತಾ, ದೊಡ್ಡ ಕಣ್ಣು ಪಿಳಿಪಿಳಿ ಬಿಡುತ್ತಾ, ನಗುನಗುತ್ತಾ ಓಡಾಡುತ್ತಿತ್ತು. ನಮ್ಮ ಕಣ್ಣಿಗೆ ಮುದ್ದಾಗಿತ್ತು. ಅವಳ ಕಣ್ಣಿಗೆ ಅದು ರೋಗ ಬಿದ್ದ ಹುಳ.

ಆಟ ಮಾಡುವವರು ನಾವು ಇಬ್ಬರೇ. ಕೋಡ್ ನನ್ನದು, ಚಿತ್ರ ಚಿಂತಾಮಣಿಯ ಗೆಳೆಯನದು. ಬೆಂಗಳೂರಿನ ಒಂದು ಸಂಸ್ಥೆಯವರು ಶಾಲೆ ಮಕ್ಕಳಿಗೆ ಬೇಸಾಯ ಪರಿಚಯಿಸುವ ಚಿಕ್ಕ ಚಿಕ್ಕ ಆಟಗಳನ್ನು ಮಾಡಿಸುತ್ತಿದ್ದರು. ಚಿಕ್ಕಬಳ್ಳಾಪುರ ಜಿಲ್ಲೆಯವರು ಅಂತ ಗೊತ್ತಾದ ಕೂಡಲೇ ರೇಷ್ಮೆಯನ್ನು ನಮ್ಮ ತಲೆಗೆ ಕಟ್ಟಿದರು. ಖುಷಿಯಾಗಿಯೇ ಒಪ್ಪಿಕೊಂಡೆವು. ತಟ್ಟೆಯಲ್ಲಿ ಹುಳ, ಮೇಲೆ ಹಿಪ್ಪುನೇರಳೆ ಸೊಪ್ಪು, ಆಗಾಗ ಬಂದು ಹುಳವನ್ನು ಹಾಳುಮಾಡುವ ಊಜಿ ನೊಣ, ಕೊನೆಗೆ ಗೂಡು. ಆಡುವವರು ಸೊಪ್ಪು ಹಾಕಬೇಕು, ನೊಣ ಓಡಿಸಬೇಕು. ಇದಕ್ಕಿಂತ ಸಲೀಸಾದ ಆಟ ಇನ್ನೊಂದಿಲ್ಲ ಅಂದುಕೊಂಡಿದ್ದೆವು.

(ಈಗ ನಮ್ಮ ಕಡೆ ತಟ್ಟೆಗಿಂತ ಸ್ಟ್ಯಾಂಡೇ ಜಾಸ್ತಿ, ಸೊಪ್ಪನ್ನು ಕಡ್ಡಿ ಸಮೇತ ಹಾಕುತ್ತಾರೆ. ಆದರೆ ಫೋನಿನ ಪರದೆಗೆ ದುಂಡು ತಟ್ಟೆ ಚೆನ್ನಾಗಿ ಹೊಂದುತ್ತದೆ. ಅಮ್ಮ ಇದಕ್ಕೂ ಒಂದು ಮಾತು ಅಂದಳು, ಇರಲಿ.)

ಮೊದಲ ಹುಳ ಹೀಗಿತ್ತು: ಒಂಬತ್ತು ದುಂಡು ಒಂದರ ಹಿಂದೆ ಒಂದು, ಮುಂದಿನ ದುಂಡಿಗೆ ಎರಡು ಕಣ್ಣು, ಒಂದು ನಗು. ನಡಿಗೆಗೆ ಸೈನ್ ಅಲೆ, ಅಂದರೆ ಒಂದೇ ಸಮನೆ ಏರಿ ಇಳಿಯುವ ಗೆರೆ. ಕೋಡ್ ಬರೆಯುವವರಿಗೆ ಸೈನ್ ಅಲೆ ಅಂದರೆ ಅಡುಗೆಮನೆಯ ಉಪ್ಪಿದ್ದ ಹಾಗೆ. ಏನೇ ಅಲ್ಲಾಡಬೇಕಾದರೂ ಒಂದು ಚಿಟಿಕೆ ಹಾಕುತ್ತೇವೆ. ಒಂದೇ ಸಾಲಿನ ಕೋಡು, ಒಂಬತ್ತು ದುಂಡೂ ಬಳುಕುತ್ತವೆ, ನೋಡಲು ನುಣುಪು. ಅಕ್ಕನ ಮಗ, ಅವನ ಜೊತೆಯ ಐದು ಹುಡುಗರ ಕೈಗೆ ಕೊಟ್ಟು ನೋಡಿದೆವು. ಎಲ್ಲರೂ "ಸಕ್ಕತ್ತಾಗೈತೆ" ಅಂದರು. ಆದರೆ ಯಾರೂ ಹುಳವನ್ನು ನೋಡುತ್ತಿರಲಿಲ್ಲ. ಕಣ್ಣೆಲ್ಲ ಮೇಲಿನ ಅಂಕಿಯ ಮೇಲೆ. ನೊಣ ಬಂದು ಒಂದು ಹುಳವನ್ನು ಹಾಳುಮಾಡಿದಾಗ ಒಬ್ಬನ ಬಾಯಲ್ಲೂ "ಅಯ್ಯೋ" ಬರಲಿಲ್ಲ. ಗೆಳೆಯ ಕಣ್ಣು ಇನ್ನಷ್ಟು ದೊಡ್ಡದು ಮಾಡಿದ. ಹುಬ್ಬು ಹಾಕಿದ. ಒಂದು ಹನಿ ಕಣ್ಣೀರನ್ನೂ ಹಾಕಿದ. ಹುಡುಗರು ಅದಕ್ಕೆ ನಕ್ಕರು.

ಅಮ್ಮ ಫೋನು ನೋಡಿದ್ದು ಆ ಹೊತ್ತಿನಲ್ಲೇ.

ಹಾಲುತೊಂಡೆ ಅನ್ನುವುದು ರೇಷ್ಮೆ ಹುಳಕ್ಕೆ ವೈರಸ್ಸಿನಿಂದ ಬರುವ ರೋಗ. ಮೈ ಊದಿಕೊಳ್ಳುತ್ತದೆ, ಚರ್ಮ ಒಡೆದರೆ ಹಾಲಿನಂಥ ರಸ ಸೋರುತ್ತದೆ, ಆ ರಸ ತಾಗಿದ ಸೊಪ್ಪು ತಿಂದ ಹುಳಕ್ಕೂ ರೋಗ ಹತ್ತುತ್ತದೆ. ಅದಕ್ಕೇ ಕಂಡ ಕೂಡಲೇ ಎತ್ತಿ ಆಚೆಗೆ ಹಾಕುವುದು. ನಮ್ಮ ಹುಳ ಊದಿಕೊಂಡಿರಲಿಲ್ಲ, ಬಣ್ಣವೂ ಸರಿಯಾಗಿತ್ತು. ಮತ್ತೆ ಹಾಲುತೊಂಡೆ ಅಂತ ಹೇಗೆ ಹೇಳಿದೆ ಅಂತ ಕೇಳಿದೆ.

"ನಿಲ್ತಾನೇ ಇಲ್ವಲ್ಲೇ ಅದು," ಅಂದಳು. "ಹಣ್ಣಾದ ಹುಳಾನೂ ಅಂಚಿಗೆ ಬತ್ತೈತೆ, ರೋಗದ್ದೂ ಬತ್ತೈತೆ. ಹಣ್ಣಾಗಿರೋದು ನಿಂತ್ಕಂಡು ತಲೆ ಎತ್ತಿ ನೋಡ್ತೈತೆ, ಎಲ್ಲಿ ಗೂಡು ಕಟ್ಟಣ ಅಂತ. ರೋಗದ್ದು ಸುಮ್ನೆ ಹೋಗ್ತಾನೇ ಇರ್ತೈತೆ."

ಅವತ್ತು ರಾತ್ರಿ ಟಾರ್ಚು ಹಿಡಿದು ಹುಳದ ಮನೆಯಲ್ಲಿ ಕೂತೆ. ಸಣ್ಣವಳಿದ್ದಾಗಿನಿಂದ ಸೊಪ್ಪು ಹಾಕಿದ ಕೈ ನನ್ನದು, ಆದರೆ ಒಂದೇ ಒಂದು ಹುಳವನ್ನು ಅರ್ಧ ಗಂಟೆ ನೋಡಿದ್ದು ಅದೇ ಮೊದಲು. ಅದು ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಎಲೆಯ ಅಂಚಿಗೆ ಬಂದು ನಿಲ್ಲುತ್ತದೆ. ಮೈ ಅಲ್ಲೇ ಇರುತ್ತದೆ, ತಲೆ ಮಾತ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಡವರಿಸುತ್ತದೆ. ಬೇಡ ಅನ್ನಿಸಿದರೆ ತಲೆ ಹಿಂದಕ್ಕೆ. ಬೇಕು ಅನ್ನಿಸಿದರೆ ಎಲೆಯ ಅಂಚನ್ನು ಮುಂಗಾಲಲ್ಲಿ ಹಿಡಿದು ಮೇಲಿನಿಂದ ಕೆಳಕ್ಕೆ ಕಮಾನಿನ ಹಾಗೆ ಕೊರೆದುಕೊಂಡು ಬರುತ್ತದೆ, ಮತ್ತೆ ಮೇಲಕ್ಕೆ ಹೋಗಿ ಇನ್ನೊಂದು ಸಲ. ಮುಖ ಅನ್ನುವಂಥದ್ದು ಏನೂ ಇಲ್ಲ. ತಲೆಯ ಎರಡೂ ಬದಿಗೆ ಆರಾರು ಚುಕ್ಕಿ ಕಣ್ಣುಗಳಿದ್ದರೂ ನಮ್ಮ ಬರಿಗಣ್ಣಿಗೆ ಅವು ಲೆಕ್ಕಕ್ಕಿಲ್ಲ. ಮಕ್ಕಳು ಕಣ್ಣು ಅಂತ ತೋರಿಸುವುದು ಕೆಲವು ತಳಿಗಳ ಹೆಗಲ ಮೇಲಿನ ಕರಿ ಗುರುತನ್ನು. ಇಷ್ಟಿದ್ದೂ ಆ ಹುಳ ಏನೋ ಯೋಚನೆ ಮಾಡುತ್ತಿದೆ ಅಂತ ನನಗೆ ಅನ್ನಿಸುತ್ತಿತ್ತು. ಯಾಕೆ ಹಾಗನ್ನಿಸಿತು ಅನ್ನುವುದೇ ನಮ್ಮ ಪ್ರಕರಣದ ತಿರುಳು.

1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮರಿಯಾನ್ ಸಿಮ್ಮೆಲ್ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಚಿತ್ರ ತೋರಿಸಿ ಪರೀಕ್ಷೆ ಮಾಡಿದ್ದರು. ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ, ಬಾಗಿಲಿರುವ ಒಂದು ಚೌಕಟ್ಟು. ಕಣ್ಣು ಬಾಯಿ ಏನೂ ಇಲ್ಲ. ಏನು ಕಂಡಿರೋ ಬರೆಯಿರಿ ಅಂದಾಗ ಮೊದಲ ಗುಂಪಿನ 34 ಜನರಲ್ಲಿ ಒಬ್ಬರು ಮಾತ್ರ ಆಕೃತಿಗಳ ಮಾತಾಡಿದರು. ಮಿಕ್ಕವರೆಲ್ಲ ಬರೆದದ್ದು ಜಗಳದ, ಹೆದರಿಕೆಯ, ತಪ್ಪಿಸಿಕೊಂಡ ಕಥೆ. ಕಾಲೇಜಿನಲ್ಲಿ ಓದಿ ಮರೆತಿದ್ದೆ. ಹುಳದ ಮನೆಯಲ್ಲಿ ಕೂತಾಗ ನೆನಪಾಯಿತು.

ಇನ್ನೊಂದು ಉದಾಹರಣೆ ನಮ್ಮ ಕಸುಬಿನದೇ. 1980ರ ಪ್ಯಾಕ್‌ಮ್ಯಾನ್ ಆಟದಲ್ಲಿ ನಾಲ್ಕು ದೆವ್ವಗಳಿವೆ. ನಾಲ್ಕಕ್ಕೂ ಒಂದೇ ಮೈ, ಬಣ್ಣ ಮಾತ್ರ ಬೇರೆ. ಕೆಂಪು ದೆವ್ವ ನೇರವಾಗಿ ಬೆನ್ನು ಹತ್ತುತ್ತದೆ. ಗುಲಾಬಿಯದು ನೀವು ಹೋಗುವ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಕ್ಕೆ ಗುರಿ ಇಟ್ಟು ಅಡ್ಡ ಬರುತ್ತದೆ. ಕಿತ್ತಳೆಯದು ದೂರದಲ್ಲಿದ್ದಾಗ ಅಟ್ಟಿಸಿಕೊಂಡು ಬಂದು, ಎಂಟು ಮನೆ ಹತ್ತಿರಕ್ಕೆ ಬಂದ ಕೂಡಲೇ ಸಹವಾಸ ಬೇಡ ಅನ್ನುವ ಹಾಗೆ ತನ್ನ ಮೂಲೆಗೆ ಹೋಗಿಬಿಡುತ್ತದೆ. ಇದೆಲ್ಲ ಬಹಳ ಜನಕ್ಕೆ ಗೊತ್ತು. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಇನ್ನೊಂದು ಸಂಗತಿ: ದೆವ್ವಗಳು ಸದಾ ಬೆನ್ನು ಹತ್ತುವುದಿಲ್ಲ. ಮೊದಲ ಹಂತದಲ್ಲಿ 7 ಸೆಕೆಂಡು ತಮ್ಮ ತಮ್ಮ ಮೂಲೆಗೆ ಹೋಗುತ್ತವೆ, 20 ಸೆಕೆಂಡು ಬೇಟೆಯಾಡುತ್ತವೆ, ಮತ್ತೆ 7 ಸೆಕೆಂಡು ಮೂಲೆ. ಆ ಬಿಡುವು ಇರುವುದರಿಂದಲೇ ಅವು "ಮತ್ತೆ ಬಂದವು" ಅನ್ನಿಸುವುದು. ಬಿಡದೆ ಬರುವುದನ್ನು ನಾವು ಯಂತ್ರ ಅನ್ನುತ್ತೇವೆ. ಅಮ್ಮ ರೋಗ ಅಂದಳು.

ಮೊದಲು ಮಾಡಿದ ಕೆಲಸ ಸೈನ್ ಅಲೆಯನ್ನು ಕಿತ್ತುಹಾಕಿದ್ದು. ಅದರ ಅಲೆ ತಲೆಯಿಂದ ಬಾಲಕ್ಕೆ ಹರಿಯುತ್ತಿತ್ತು, ಅದು ಹಾವಿನ ಲಕ್ಷಣ. ಹುಳದ ನಡಿಗೆಯಲ್ಲಿ ಅಲೆ ಹಿಂದಿನಿಂದ ಹೊರಡುತ್ತದೆ: ಬಾಲದ ಕಡೆಯ ಕಾಲು ಮೊದಲು ಎದ್ದು ಮುಂದಕ್ಕೆ ಬಂದು ಕೂರುತ್ತದೆ, ಆ ಉಬ್ಬು ಒಂದೊಂದೇ ಗಣ್ಣು ದಾಟಿ ತಲೆಯ ತನಕ ಬರುತ್ತದೆ. ದಿಕ್ಕು ತಿರುಗಿಸಿದೆವು ಅಷ್ಟೇ, ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಬಳುಕುತ್ತಿದ್ದದ್ದು ತೂಕ ಹೊತ್ತು ನಡೆಯತೊಡಗಿತು.

ಆಮೇಲೆ ನಿಲ್ಲಿಸಿದೆವು. ತಿರುಗುವುದಕ್ಕೆ ಮುಂಚೆ 14 ಫ್ರೇಮ್ (ಪರದೆ ಮೇಲೆ ಒಂದಾದ ಮೇಲೊಂದು ಮೂಡುವ ಬಿಡಿ ಚಿತ್ರ) ನಿಲುಗಡೆ, ಅಂದರೆ ಸೆಕೆಂಡಿಗೆ 60 ಫ್ರೇಮ್ ಓಡುವ ಫೋನಿನಲ್ಲಿ ಸುಮಾರು ಕಾಲು ಸೆಕೆಂಡು. ಆ ಕಾಲು ಸೆಕೆಂಡಿನಲ್ಲಿ ತಲೆ ಮಾತ್ರ ಹೋಗಬೇಕಾದ ದಿಕ್ಕಿಗೆ ತಿರುಗುತ್ತದೆ. ಆಮೇಲೆ ಎರಡನೇ ದುಂಡು, ಮೂರು ಫ್ರೇಮ್ ಬಿಟ್ಟು ಮೂರನೆಯದು, ಹೀಗೆ. ಏನಾದರೂ ಮಾಡುವುದಕ್ಕೆ ಮುಂಚೆ ಅದರ ಸುಳಿವು ಕೊಡಬೇಕು ಅನ್ನುವುದು ಡಿಸ್ನಿಯ ಹಳೆಯ ಕಲಾವಿದರು 1981ರಲ್ಲಿ ಬರೆದಿಟ್ಟ ಹನ್ನೆರಡು ಸೂತ್ರಗಳಲ್ಲಿ ಒಂದು. ಗೆಳೆಯ ಅದನ್ನು ಬಾಯಿಪಾಠ ಮಾಡಿದ್ದ. ಆದರೆ ಮನುಷ್ಯರಿಗೆ, ಮೊಲಕ್ಕೆ, ನಾಯಿಗೆ ಅಂತ ಯೋಚಿಸಿದ್ದನೇ ಹೊರತು ಒಂಬತ್ತು ದುಂಡಿಗೆ ಹಾಕಿ ನೋಡಿರಲಿಲ್ಲ. ಹಾಕಿದ ಮೇಲೆ ಸುಮಾರು ಹೊತ್ತು ಇಬ್ಬರೂ ಮಾತಾಡಲಿಲ್ಲ. ಒಂದು ಹುಳ ಎಲೆಯ ತುದಿಗೆ ಬಂದು, ನಿಂತು, ತಲೆ ಎಡಕ್ಕೆ ತಿರುಗಿಸಿ, ಬೇಡವೆಂದು ಬಲಕ್ಕೆ ಹೋಯಿತು. ಆ "ಬೇಡ" ನಾವು ಬರೆದದ್ದಲ್ಲ. ದಿಕ್ಕನ್ನು ಆರಿಸುವ ಕೋಡಿನಲ್ಲಿದ್ದ ಒಂದು ತಪ್ಪಿನಿಂದ ಎರಡು ಸಲ ದಿಕ್ಕು ಆರಿಸಿತ್ತು. ತಪ್ಪನ್ನು ಹಾಗೇ ಬಿಟ್ಟೆವು.

ಇನ್ನೊಂದು ಎಡವಟ್ಟು ಹುಡುಗರ ಫೋನಿನಲ್ಲಿ ಬಯಲಾಯಿತು. ಒಬ್ಬನ ಹಳೆಯ ಫೋನಿನಲ್ಲಿ ಹುಳಗಳು ಮಂಕಾಗಿದ್ದವು. ಒಂದೊಂದು ಹೆಜ್ಜೆಗೂ ನಿಂತು, ಏದುಸಿರು ಬಿಟ್ಟು, ಮತ್ತೆ ಹೊರಡುವ ಮುದುಕರ ಹಾಗೆ. ಕಾರಣ ಸಾದಾ: ಆ ಫೋನು ಸೆಕೆಂಡಿಗೆ 30 ಫ್ರೇಮ್ ಮಾತ್ರ ಓಡಿಸುತ್ತಿತ್ತು, ನಾನು ನಿಲುಗಡೆಯನ್ನು ಫ್ರೇಮಿನಲ್ಲಿ ಎಣಿಸಿದ್ದೆ, ಕಾಲು ಸೆಕೆಂಡು ಹೋಗಿ ಅರ್ಧ ಸೆಕೆಂಡಾಗಿತ್ತು. ಎಣಿಕೆಯನ್ನು ಸೆಕೆಂಡಿಗೆ ಬದಲಾಯಿಸಿದೆ. ಹೊಸಬರು ಮಾಡುವ ತಪ್ಪು, ನಾಚಿಕೆಯಾಗಬೇಕು. ಆದರೆ ಕಾಲು ಸೆಕೆಂಡಿನ ವ್ಯತ್ಯಾಸಕ್ಕೆ ಹುಳದ ವಯಸ್ಸೇ ಬದಲಾಗುತ್ತದೆ ಅನ್ನುವುದು ಆ ತಪ್ಪಿನಿಂದ ಗೊತ್ತಾಯಿತು. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಶತ್ರುಗಳು ಕಮ್ಮಿಯಾದಷ್ಟೂ ವೇಗವಾಗುವುದಕ್ಕೂ ಯಂತ್ರದ ಮಿತಿಯೇ ಮೂಲ. ಬಿಡಿಸಬೇಕಾದ ಚಿತ್ರ ಕಮ್ಮಿಯಾದ ಹಾಗೆ ಯಂತ್ರ ಬೇಗ ಬೇಗ ಬಿಡಿಸುತ್ತಿತ್ತು. ಆಡುವವರಿಗೆ ಕಂಡದ್ದು ಉಳಿದವರ ಆವೇಶ. ನಾವೂ ಆ ಮಂಕು ಹುಳವನ್ನು ಎಸೆಯಲಿಲ್ಲ, ಜ್ವರಕ್ಕೆ ಹೋಗುವ ಮುಂಚಿನ ಹುಳಕ್ಕೆ ಅದೇ ನಿಧಾನವನ್ನು ಕೊಟ್ಟೆವು.

ಜ್ವರದ ಬಗ್ಗೆ ಸ್ವಲ್ಪ ಹೇಳಲೇಬೇಕು. ರೇಷ್ಮೆ ಹುಳ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ: ಹುಳ ಜ್ವರಕ್ಕೆ ಕೂತಿದೆ, ಜ್ವರ ಎದ್ದಿದೆ. ಜ್ವರಕ್ಕೆ ಕೂತ ಹುಳ ತಿನ್ನುವುದಿಲ್ಲ, ನಡೆಯುವುದಿಲ್ಲ. ಮುಂದಿನ ಮೈಯನ್ನು ಎತ್ತಿ, ತಲೆ ಮೇಲಕ್ಕಿಟ್ಟು, ಸುಮಾರು ಒಂದು ದಿನ ಹಾಗೇ ಇರುತ್ತದೆ. ಆಗ ಸೊಪ್ಪು ಹಾಕುವುದಿಲ್ಲ, ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸುತ್ತಾರೆ. ಮುಟ್ಟಿದರೆ ಬೈಗುಳ ಗ್ಯಾರಂಟಿ.

ಆಟದಲ್ಲಿ ಇದನ್ನು ಇಟ್ಟಾಗ ಹುಡುಗರು "ಹ್ಯಾಂಗ್ ಆಯ್ತು ಚಿಕ್ಕಮ್ಮ" ಅಂತ ಫೋನು ತಂದು ಕೊಟ್ಟರು. ನ್ಯಾಯವೇ. ಪರದೆ ಮೇಲೆ ನಲವತ್ತು ಹುಳವೂ ತಲೆಯೆತ್ತಿ ಕಲ್ಲಾಗಿದ್ದವು. ಗೆಳೆಯ ಉಸಿರಾಟ ಸೇರಿಸೋಣ, ಮೈ ಒಂದು ಪಿಕ್ಸೆಲ್ ಹಿಗ್ಗಿ ಕುಗ್ಗಲಿ ಅಂದ. ಬಹಳ ಆಟಗಳಲ್ಲಿ ಹಾಗೇ ಮಾಡುತ್ತಾರೆ, ಸುಮ್ಮನೆ ನಿಂತ ಪಾತ್ರವೂ ಎದೆ ಏರಿಸಿ ಇಳಿಸುತ್ತಿರುತ್ತದೆ. ಸೇರಿಸಿ ನೋಡಿದೆವು, ಕೆಟ್ಟಿತು. ನಿಂತ ಹುಳದ ಗಾಂಭೀರ್ಯವೇ ಹೋಯಿತು, ಬಲೂನು ಊದಿದ ಹಾಗಾಯಿತು. ದಾರಿ ಸಿಕ್ಕಿದ್ದು ಬೇರೆ ಕಡೆ. ಎಲ್ಲ ಹುಳವೂ ಒಟ್ಟಿಗೆ ಜ್ವರಕ್ಕೆ ಕೂರುವುದನ್ನು ತಪ್ಪಿಸಿದೆವು. ನಿಜವಾದ ತಟ್ಟೆಯಲ್ಲೂ ಒಂದಷ್ಟು ಹುಳ ಹಿಂದೆ ಬೀಳುತ್ತವೆ. ಮೂವತ್ತು ಹುಳ ಕಲ್ಲಾಗಿರುವಾಗ ಹಿಂದೆ ಬಿದ್ದ ಹತ್ತು ಹುಳ ಅವುಗಳ ನಡುವೆ ನುಸುಳಿಕೊಂಡು ಸೊಪ್ಪು ಹುಡುಕುತ್ತಿದ್ದರೆ ಫೋನು ಹ್ಯಾಂಗ್ ಆಗಿದೆ ಅಂತ ಯಾರಿಗೂ ಅನ್ನಿಸುವುದಿಲ್ಲ, ಆ ಮೂವತ್ತು ಯಾಕೆ ನಿಂತಿವೆ ಅಂತ ಅನ್ನಿಸುತ್ತದೆ. ಜ್ವರದ ಹುಳವನ್ನು ಬೆರಳಲ್ಲಿ ಮುಟ್ಟಿದರೆ ಮೊದಲು ಏನೂ ಆಗುವುದಿಲ್ಲ. ಒಂದು ಸೆಕೆಂಡು ಕಳೆದ ಮೇಲೆ ಎತ್ತಿದ ತಲೆ ನಿಧಾನವಾಗಿ ಕೆಳಗಿಳಿಯುತ್ತದೆ, ಮತ್ತೆ ಮೇಲೇಳಲು ಬಹಳ ಹೊತ್ತು ಬೇಕು. ಅಂಕಿ ಕಡಿಮೆಯಾಗುವುದಿಲ್ಲ, ಕೆಂಪು ದೀಪ ಇಲ್ಲ. ಅಕ್ಕನ ಮಗ ಒಂದು ಸಲ ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡ. ಪಕ್ಕದವನು ಮುಟ್ಟಲು ಬಂದಾಗ ಅವನ ಕೈಗೆ ಒಂದು ಏಟು ಕೊಟ್ಟ. ನನಗೆ ಬೇಕಾಗಿದ್ದದ್ದು ಸಿಕ್ಕಿತ್ತು.

ಊಜಿ ನೊಣದ ಕಥೆ ಚಿಕ್ಕದು. ಇದು ನಮ್ಮ ಊರಿನ ಹುಟ್ಟು ಶತ್ರುವಲ್ಲ, 1980ರಲ್ಲಿ ಕರ್ನಾಟಕಕ್ಕೆ ಬಂದದ್ದು. ಹುಳದ ಮೈಮೇಲೆ ಮೊಟ್ಟೆಯಿಡುತ್ತದೆ, ಮರಿ ಒಳಗೆ ಕೊರೆದುಕೊಂಡು ಹೋದ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಮೊದಲು ನಮ್ಮ ನೊಣ ಬಾಣದ ಹಾಗೆ ಹುಳದ ಮೇಲೆ ಬೀಳುತ್ತಿತ್ತು, ಹುಡುಗರು ಬೆರಳಲ್ಲಿ ಚಚ್ಚುತ್ತಿದ್ದರು. ಈಗ ಅದು ತಟ್ಟೆಯ ಅಂಚಿಗೆ ಬಂದು ಕೂರುತ್ತದೆ, ಎರಡು ಹೆಜ್ಜೆ ಇಟ್ಟು ಕಾಲು ಉಜ್ಜುತ್ತದೆ, ಸುಮ್ಮನಿರುತ್ತದೆ. ಚಿತ್ರ ಅದೇ, ಕರಿ ಚುಕ್ಕಿಗೆ ಎರಡು ರೆಕ್ಕೆ. ಅದು ಸುಮ್ಮನೆ ಕೂತ ಹೊತ್ತಿನಲ್ಲೇ ಹುಡುಗರು ಕಿರುಚುವುದು.

ನಲವತ್ತು ಹುಳವನ್ನು ಒಟ್ಟಿಗೆ ಬಿಟ್ಟಾಗ ಆದ ಪಜೀತಿಯನ್ನೂ ದಾಖಲಿಸುತ್ತೇನೆ. ಎಲ್ಲಕ್ಕೂ ಒಂದೇ ನಿಲುಗಡೆ ಕೊಟ್ಟಿದ್ದರಿಂದ ಎಲ್ಲವೂ ಒಟ್ಟಿಗೆ ನಿಂತು ಒಟ್ಟಿಗೆ ಹೊರಡುತ್ತಿದ್ದವು, ಆಗಸ್ಟ್ ಹದಿನೈದರ ಕವಾಯತಿನ ಹಾಗೆ. ಪ್ರತಿ ಹುಳಕ್ಕೂ 0.4ರಿಂದ 1.2 ಸೆಕೆಂಡಿನೊಳಗೆ ತನ್ನದೇ ಒಂದು ಅಳತೆ ಕೊಟ್ಟು, ಅದು ಬದುಕಿರುವವರೆಗೂ ಬದಲಾಗದ ಹಾಗೆ ಮಾಡಿದೆವು. ಪ್ರತಿ ಸಲವೂ ಹೊಸ ಅಳತೆ ಕೊಟ್ಟಿದ್ದರೆ ತಟ್ಟೆ ಕುದಿಯುವ ಅನ್ನದ ಹಾಗೆ ಕಾಣುತ್ತಿತ್ತು. ಒಂದೇ ಅಳತೆ ಅಂಟಿಕೊಂಡಿದ್ದರಿಂದ ಹುಡುಗರು ಹುಳಗಳನ್ನು ಗುರುತು ಹಿಡಿಯತೊಡಗಿದರು. 1.2 ಸೆಕೆಂಡಿನದಕ್ಕೆ ಅವರಿಟ್ಟ ಹೆಸರು "ಹೆಡ್‌ಮಾಷ್ಟ್ರು".

ಇಷ್ಟಾದ ಮೇಲೆ ಕಣ್ಣು ತೆಗೆದೆವು. ಹೇಳಿದಷ್ಟು ಸುಲಭವಾಗಿರಲಿಲ್ಲ. ಗೆಳೆಯ ಎರಡು ದಿನ ಮಾತು ಬಿಟ್ಟ. ಕೆಲಸ ಕೊಟ್ಟ ಸಂಸ್ಥೆಯವರು, ಕಣ್ಣಿಲ್ಲದ ಹುಳವನ್ನು ಯಾರು ಡೌನ್‌ಲೋಡ್ ಮಾಡುತ್ತಾರೆ ಅಂತ ಕೇಳಿದರು. ಅವರ ಮಾತಿನಲ್ಲೂ ಹುರುಳಿತ್ತು: ಫೋನಿನಲ್ಲಿ ಆಟದ ಗುರುತಾಗಿ ಕಾಣುವ ಸಣ್ಣ ಚಿತ್ರ, ಅಂದರೆ ಐಕಾನು, ನಡೆಯುವುದಿಲ್ಲ, ನಿಲ್ಲುವುದಿಲ್ಲ, ಅದಕ್ಕೆ ಮುಖವೇ ಗತಿ. ಕೊನೆಗೆ ಐಕಾನಿನಲ್ಲಿ ಕಣ್ಣು, ನಗು ಎರಡೂ ಉಳಿದವು, ಒಳಗೆ ಎರಡೂ ಇಲ್ಲ. ಡೈರಿ ಬೋರ್ಡಿನ ಮೇಲಿನ ಹಸು ನಗುತ್ತದೆ, ಕೊಟ್ಟಿಗೆಯ ಹಸು ನಗುವುದಿಲ್ಲ. ಯಾರೂ ಮೋಸ ಅಂದಿಲ್ಲ. ಆಟದೊಳಗಿನ ಹುಳಕ್ಕೆ ಈಗ ಇರುವುದು ಒಂಬತ್ತು ದುಂಡು, ಮುಂದಿನದು ಸ್ವಲ್ಪ ಕಂದು, ಹಿಂದೆ ಒಂದು ಪುಟ್ಟ ಕೊಂಬು. ಕಣ್ಣು ಹೋದ ಮೇಲೆ ಹುಡುಗರು ತಲೆ ಯಾವ ಕಡೆಗಿದೆ ಅಂತ ನೋಡತೊಡಗಿದರು, ತಲೆ ನೋಡಿದವರು ಅದರ ಮುಂದಿನ ಹೆಜ್ಜೆಯನ್ನು ಊಹಿಸತೊಡಗಿದರು. ದೊಡ್ಡ ಕಣ್ಣು ಅವರ ದೃಷ್ಟಿಯನ್ನು ಹಿಡಿದು ಅಲ್ಲೇ ಕಟ್ಟಿಹಾಕಿತ್ತು ಅನ್ನುವುದು ನನ್ನ ಲೆಕ್ಕ. ಗೆಳೆಯ ಈಗಲೂ ಪೂರ್ತಿ ಒಪ್ಪಿಲ್ಲ.

ನಾವು ಸೋತದ್ದು ಕೊನೆಯ ಹಂತದಲ್ಲಿ. ಹಣ್ಣಾದ ಹುಳವನ್ನು ಚಂದ್ರಿಕೆಗೆ (ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ) ಬಿಟ್ಟರೆ ಅದು ತಲೆಯನ್ನು ಇಂಗ್ಲಿಷಿನ ಎಂಟರ ಅಂಕಿಯನ್ನು ಅಡ್ಡ ಮಲಗಿಸಿ ಮತ್ತೆ ಮತ್ತೆ ಬರೆದ ಹಾಗೆ ಆಡಿಸುತ್ತಾ ತನ್ನ ಸುತ್ತ ದಾರ ಸುತ್ತಿಕೊಳ್ಳುತ್ತದೆ. ಇದನ್ನು ಮಾಡಲು ನನಗೆ ಎರಡು ವಾರ ಹಿಡಿಯಿತು, ಆಟದಲ್ಲಿ ಅತಿ ಚೆನ್ನಾಗಿ ಬಂದಿರುವುದೂ ಅದೇ. ಗೂಡು ಮೊದಲು ಮಸುಕು, ಒಳಗೆ ತಲೆ ಆಡುವ ನೆರಳು ಕಾಣುತ್ತದೆ. ಗೋಡೆ ದಪ್ಪವಾದ ಹಾಗೆ ನೆರಳು ಮಂಕಾಗುತ್ತದೆ. ಕಾಣದಾಗುತ್ತದೆ. ಇದರ ಮುಂದಿನ ಪರದೆ ಗೂಡಿನ ಮಾರುಕಟ್ಟೆ: ತಕ್ಕಡಿ, ಕಿಲೋ, ರೂಪಾಯಿ. ಸಂಸ್ಥೆಯವರು ಕೇಳಿದ್ದೇ ಅದು, ಮಕ್ಕಳಿಗೆ ಲೆಕ್ಕ ಕಲಿಸಲು. ಅಕ್ಕನ ಮಗ ಅಲ್ಲಿ ಆಟ ನಿಲ್ಲಿಸಿದ. "ಒಳಗಡೆ ಹೆಡ್‌ಮಾಷ್ಟ್ರು ಇದಾರೆ" ಅಂದ. ರೇಷ್ಮೆ ಬೆಳೆಯುವ ಮನೆಯ ಹುಡುಗ. ಗೂಡು ಬೇಯಿಸಿ ನೂಲು ತೆಗೆಯುವುದನ್ನು ಊರಿನ ಫಿಲೇಚರಿನಲ್ಲಿ ಎಷ್ಟೋ ಸಲ ನೋಡಿದವನು. ಅವನಿಗೆ ಆ ಹುಳದ ಹೆಸರು ಗೊತ್ತಿತ್ತು, ತೊಂದರೆ ಅದೇ. ಏನು ಮಾಡಬೇಕೋ ನಮಗೆ ಹೊಳೆಯಲಿಲ್ಲ. ಮಾರುಕಟ್ಟೆಯನ್ನು ಬೇರೆ ಆಟವಾಗಿ ಬಿಡಿಸಿ, ಅಲ್ಲಿ ಯಾವುದೋ ಗೂಡು, ಯಾವುದೋ ತೂಕ ಇಟ್ಟೆವು. ಜಾರಿಕೊಂಡೆವು ಅಂತ ಹೇಳಿದರೂ ತಪ್ಪಲ್ಲ.

ಕೊನೆಯ ಪರೀಕ್ಷೆಗೆ ಮುಂಚೆ ಒಂದು ಹುಳವನ್ನು ಬೇಕಂತಲೇ ಸೇರಿಸಿದ್ದೆ. ಬಣ್ಣ ಬದಲಾಯಿಸಲಿಲ್ಲ, ಊದಿಸಲಿಲ್ಲ. ನಿಲುಗಡೆಯ ಅಳತೆಯನ್ನು ಸೊನ್ನೆ ಮಾಡಿ ತಟ್ಟೆಯ ಅಂಚಿಗೆ ಬಿಟ್ಟೆ, ಅಷ್ಟೇ. ಹುಡುಗರಿಗೆ ಅದು ಬಹಳ ಹೊತ್ತು ಕಣ್ಣಿಗೆ ಬೀಳಲಿಲ್ಲ. ಅಮ್ಮನಿಗೆ ಏನೂ ಹೇಳದೆ ಫೋನು ಕೊಟ್ಟೆ. ಕನ್ನಡಕ ಹಾಕಿಕೊಂಡು, ಫೋನನ್ನು ಮೊರ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ಈಗ ಪರವಾಗಿಲ್ಲ" ಅಂದಳು. ಆಮೇಲೆ ಬೆರಳಿಟ್ಟು ಆ ಒಂದು ಹುಳವನ್ನು ಎಳೆದುಕೊಂಡು ಹೋಗಿ ಪರದೆಯ ಆಚೆಗೆ ಬಿಟ್ಟು, ಬೆರಳನ್ನು ಸೆರಗಿಗೆ ಒರೆಸಿಕೊಂಡಳು.